ವಾಟರ್‌ಪ್ರೂಫ್ ಉಂಟಾ? ಇಲ್ಲ.

ಮಂಗಳೂರಿನಲ್ಲಿ ಜೂನ್ ಹಿಡಿಯಿತೆಂದರೆ ಯಾರ ಕೈಯಲ್ಲಿ ಹೊಸ ಮೊಬೈಲ್ ಕಂಡರೂ ಒಂದೇ ಪ್ರಶ್ನೆ: "ಇದು ವಾಟರ್‌ಪ್ರೂಫ್ ಉಂಟಾ?" ಇಲ್ಲ. ಯಾವ ಮೊಬೈಲೂ ಅಲ್ಲ. "ಜಾಹೀರಾತಿನಲ್ಲಿ ನೀರಿಗೆ ಹಾಕಿ ತೋರಿಸ್ತಾರಲ್ಲ ಮಾರ್ರೆ" ಎಂದು ಜಗಳಕ್ಕೆ ಬರುವವರು ವಾರಂಟಿ ಕಾಗದ ಓದಿ. ಒಳಗೆ ನೀರು ಹೋದರೆ ತಾವು ಜವಾಬ್ದಾರರಲ್ಲ ಎಂದು ಹೆಚ್ಚಿನ ಕಂಪನಿಗಳು ಅದರಲ್ಲೇ ಹೇಳಿರುತ್ತವೆ.

ಉಂಟಾ ಇಲ್ವಾ ಎಂದು ಕೇಳಿದರೆ ಪ್ರಯೋಜನವಿಲ್ಲ. ಎಷ್ಟು ನೀರು, ಎಷ್ಟು ಹೊತ್ತು, ಎಂಥ ನೀರು ಎಂದು ಕೇಳಿ. ಬಾಕ್ಸಿನ ಮೇಲೆ ಐಪಿ ಎಂದು ಬರೆದು ಎರಡು ಅಂಕಿ ಇರುತ್ತದಲ್ಲ, ಅದು ಧೂಳು-ನೀರು ಎಷ್ಟು ತಡೆಯುತ್ತದೆ ಎಂಬುದರ ಗುರುತು. ಐಪಿ67 ಎಂದಿದ್ದರೆ 6 ಧೂಳಿನ ಲೆಕ್ಕ, 7 ನೀರಿನದ್ದು: 1 ಮೀಟರ್ ಆಳದ ಸಿಹಿನೀರಿನಲ್ಲಿ 30 ನಿಮಿಷ. ಕೊನೆಗೆ 8 ಇದ್ದರೆ ಅದಕ್ಕಿಂತ ಕಠಿಣ, ಆದರೆ ಎಷ್ಟು ಆಳ, ಎಷ್ಟು ಹೊತ್ತು ಎಂಬುದು ಕಂಪನಿ ಹೇಳಿದಂತೆ. ಹಾಗಾಗಿ ಒಬ್ಬರ 68 ಇನ್ನೊಬ್ಬರ 68ಕ್ಕೆ ಸಮವಲ್ಲ. ಇನ್ನೂ ತಮಾಷೆಯೆಂದರೆ 7 ಪಾಸಾದದ್ದು 5 ಪಾಸಾಗಲೇಬೇಕೆಂದಿಲ್ಲ. 5 ಎಂದರೆ ನಿಂತ ನೀರಲ್ಲ, 6.3 ಮಿ.ಮೀ. ನಳಿಕೆಯಿಂದ ನಿಮಿಷಕ್ಕೆ 12.5 ಲೀಟರ್ ಚಿಮ್ಮುವ ನೀರು. ಬಕೆಟಿಗೆ ಬಿದ್ದು ಬದುಕಿದ ಮೊಬೈಲ್ ಪೈಪಿನ ನೀರಿಗೆ ಸಾಯಬಹುದು. ಎರಡನ್ನೂ ತಡೆಯುವುದಾದರೆ ಎರಡೂ ಅಂಕಿ ಬರೆದಿರುತ್ತಾರೆ.

ಪಣಂಬೂರಿನ ಸಮುದ್ರ ಈ ಯಾವ ಲೆಕ್ಕಕ್ಕೂ ಸೇರಿಲ್ಲ. ಉಪ್ಪುನೀರು ಚಾರ್ಜಿಂಗ್ ಪಿನ್ನನ್ನು ತಿಂದುಹಾಕುತ್ತದೆ.

ವಾಚಿನವರದ್ದು ಬೇರೆ ತಾಪತ್ರಯ. ಹಿಂದೆ 30 ಮೀಟರ್ ಎಂದು ಕೆತ್ತಿದೆಯೆಂದು ಕೆರೆಗೆ ಹಾರಬೇಡಿ. ಅದು ಒತ್ತಡದ ಲೆಕ್ಕ, ಬಳಕೆಯಲ್ಲಿ ಕೈ ತೊಳೆಯುವಷ್ಟಕ್ಕೆ ಸರಿ. ಈಜಲು 50 ಆದರೂ ಬೇಕು, 100 ಇದ್ದರೆ ಒಳ್ಳೆಯದು. ಬಿಸಿನೀರಿನ ಸ್ನಾನಕ್ಕೆ ಯಾವುದೂ ಬೇಡ, ಬಿಸಿಗೂ ಸೋಪಿಗೂ ರಬ್ಬರ್ ರಿಂಗ್ ಹಾಳಾಗುತ್ತದೆ.

ಇಷ್ಟೆಲ್ಲ ಕೇಳುವವರು ಕೇಳಬೇಕಾದ್ದನ್ನು ಮಾತ್ರ ಕೇಳುವುದಿಲ್ಲ: "ಡಿಸ್‌ಪ್ಲೇ ಬದಲಾಯಿಸುವಾಗ ಹೊಸ ಸೀಲ್ ಹಾಕಿದ್ರಾ?" ನೀರನ್ನು ಹೊರಗಿಡುವುದು ಗಾಜಿನ ಸುತ್ತ ಇರುವ ತೆಳ್ಳಗಿನ ಅಂಟಿನ ಪಟ್ಟಿ. ಒಮ್ಮೆ ಬಿಚ್ಚಿದರೆ ಅದು ಹರಿದು ಹಾಳಾಯಿತು. ಹಳೇ ಅಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಪೂರ್ತಿ ತೆಗೆದು, ಆ ಮಾಡೆಲಿನದ್ದೇ ಪಟ್ಟಿ ಕೂರಿಸಿ, ಕ್ಲಿಪ್ ಹಾಕಿ ಒತ್ತಿಡಬೇಕು. ಒಂದು ಕೂದಲೆಳೆ ಸಿಕ್ಕಿಕೊಂಡರೂ ನೀರಿಗೆ ದಾರಿ. ಸಿಮ್ ಟ್ರೇಯ ಸಣ್ಣ ರಬ್ಬರ್ ರಿಂಗ್ ಜಾರಿದ್ದರೂ ಅಷ್ಟೇ. ಬಾಕ್ಸಿನ ಮೇಲಿನ 68 ಹೊಸ ಮೊಬೈಲಿನದ್ದು. ಬಿದ್ದು ಫ್ರೇಮ್ ಬಾಗಿದ, ನಾಲ್ಕು ಮಳೆಗಾಲ ಕಂಡ ನಿಮ್ಮದಕ್ಕೆ ಅದು ಅನ್ವಯಿಸುವುದಿಲ್ಲ.

ನೀರು ಹೋಗಿಯೇ ಬಿಟ್ಟಿತೇ? ಆಫ್ ಮಾಡಿ. ಚಾರ್ಜಿಗೆ ಹಾಕಲೇಬೇಡಿ, ಒಳಗಿನ ಒದ್ದೆ ಸರ್ಕ್ಯೂಟ್ ಬೋರ್ಡನ್ನು ಕೊಲ್ಲುವುದು ನೀರಿಗಿಂತ ಕರೆಂಟು. ಸಿಮ್ ಟ್ರೇ ತೆಗೆದು, ಪೋರ್ಟ್ ಕೆಳಗೆ ಮಾಡಿ ಮೆಲ್ಲಗೆ ತಟ್ಟಿ, ಫ್ಯಾನಿನಡಿ ಇಟ್ಟು ಬಿಚ್ಚಿ ನೋಡಬಲ್ಲವರ ಹತ್ತಿರ ಒಯ್ಯಿರಿ. ಹೇರ್ ಡ್ರೈಯರ್ ಬೇಡ. ಅಕ್ಕಿ ಡಬ್ಬವೂ ಬೇಡ: ಅಕ್ಕಿ ಬೋರ್ಡಿನಡಿಯ ನೀರನ್ನು ಎಳೆಯುವುದಿಲ್ಲ, ಅದರ ಹುಡಿ ಪೋರ್ಟಿನೊಳಗೆ ಕೂರುತ್ತದೆ. "ಕುಚ್ಚಲಕ್ಕಿ ಆಗ್ತದಾ?" ಎಂದು ಕೇಳುವವರೂ ಇದ್ದಾರೆ. ಆಗುವುದಿಲ್ಲ. ಅದನ್ನು ಗಂಜಿ ಮಾಡಿ.