ಎಂಟರ್ ಒತ್ತಿದ ಮೇಲೆ ಬಫರ್‌ನಲ್ಲಿ ಉಳಿಯುವುದು

ಸಿ ಪ್ರೋಗ್ರಾಮಿಂಗ್ ಭಾಷೆಯ ಲ್ಯಾಬ್‌ನಲ್ಲಿ ಹೊಸಬರ ಪ್ರೋಗ್ರಾಂ ತಿದ್ದುವವರಿಗೆ ಈ ದೂರು ಚಿರಪರಿಚಿತ: ‘ಸರ್, ಎರಡನೇ ಪ್ರಶ್ನೆಗೆ ಟೈಪ್ ಮಾಡೋಕೇ ಬಿಡ್ತಿಲ್ಲ, ತಾನಾಗೇ ಮುಂದಕ್ಕೆ ಹೋಗ್ತಿದೆ.’

ವಯಸ್ಸು ಕೇಳಿದಾಗ 25 ಹೊಡೆದು ಎಂಟರ್ ಒತ್ತಿದರೆ ಪ್ರೋಗ್ರಾಂಗೆ ಹೋಗುವುದು ಮೂರು ಅಕ್ಷರ: 2, 5, ಮತ್ತು ಸಾಲು ಮುಗಿಯಿತೆಂದು ಹೇಳುವ ನ್ಯೂಲೈನ್. ಪೂರ್ಣಾಂಕ ಬೇಕೆಂದು ‘ಪರ್ಸೆಂಟ್ ಡಿ’ ಹಾಕಿದ ಸ್ಕ್ಯಾನ್‌ಎಫ್ ಎಂಬ ಓದುವ ಫಂಕ್ಷನ್ ಮೊದಲೆರಡನ್ನು ಎತ್ತಿಕೊಂಡು 25 ಮಾಡುತ್ತದೆ, ನ್ಯೂಲೈನನ್ನು ಬಫರ್‌ನಲ್ಲೇ, ಅಂದರೆ ಟೈಪ್ ಮಾಡಿದ್ದು ಓದುವವರೆಗೂ ಕಾಯುವ ಜಾಗದಲ್ಲೇ, ಬಿಡುತ್ತದೆ. ಮುಂದಿನದೂ ‘ಪರ್ಸೆಂಟ್ ಡಿ’ ಆದರೆ ತೊಂದರೆ ಇಲ್ಲ, ಅದು ಮುಂದಿರುವ ಖಾಲಿ ಜಾಗವನ್ನೆಲ್ಲ ದಾಟಿಕೊಂಡೇ ಅಂಕಿ ಹುಡುಕುತ್ತದೆ. ಒಂದೇ ಅಕ್ಷರ ಓದುವ ‘ಪರ್ಸೆಂಟ್ ಸಿ’ ಹಾಗಲ್ಲ, ಸಿಕ್ಕ ನ್ಯೂಲೈನನ್ನೇ ಉತ್ತರ ಅಂದುಕೊಳ್ಳುತ್ತದೆ. ಎರಡು ಸಂಖ್ಯೆ ಕೂಡಿಸುವ ಪ್ರೋಗ್ರಾಂ ಸರಿಯಾಗಿ ಓಡಿ, ‘ಮತ್ತೆ ಮಾಡಬೇಕೇ, ವೈ ಅಥವಾ ಎನ್’ ಎಂದು ಸೇರಿಸಿದ ಕೂಡಲೇ ಕೆಡುವುದು ಇದಕ್ಕೇ. ಉದ್ಧರಣ ಚಿಹ್ನೆಯೊಳಗೆ ‘ಪರ್ಸೆಂಟ್ ಸಿ’ಗೆ ಮೊದಲು ಒಂದು ಸ್ಪೇಸ್ ಕೊಟ್ಟರೆ ಸಾಕು. ಟರ್ಬೋ ಸಿ ಎಂಬ ಹಳೆಯ ಕಂಪೈಲರ್ ಕಾಲದಿಂದ ಬಂದ, ಬಫರ್‌ನಲ್ಲಿ ಉಳಿದದ್ದನ್ನು ಚೆಲ್ಲಲು ‘ಎಫ್‌ಫ್ಲಶ್ ಎಸ್‌ಟಿಡಿಇನ್’ ಬರೆಯುವ ಚಾಳಿ ಬೇಡ. ಸಿ ಮಾನದಂಡದಲ್ಲಿ ಎಫ್‌ಫ್ಲಶ್ ಇರುವುದು ಔಟ್‌ಪುಟ್‌ಗೆ, ಲಿನಕ್ಸ್‌ನಲ್ಲಿ ಅದನ್ನು ನಂಬಿಕೊಂಡರೆ ಕೆಟ್ಟಿರಿ.

ಇದಕ್ಕಿಂತ ದೊಡ್ಡ ಕಾಟ ಇನ್ನೊಂದಿದೆ. ಅಂಕಿ ಕೇಳಿದಲ್ಲಿ ಯಾರಾದರೂ ‘ಎಬಿಸಿ’ ಹೊಡೆದರೆ ಸ್ಕ್ಯಾನ್‌ಎಫ್ ಏನನ್ನೂ ಓದದೆ 0 ಹಿಂತಿರುಗಿಸುತ್ತದೆ, ಅಕ್ಷರಗಳು ಇದ್ದಲ್ಲೇ ಇರುತ್ತವೆ. ಲೂಪ್‌ನೊಳಗಿದ್ದರೆ ಮತ್ತೆ ಅದೇ ಅಕ್ಷರ, ಮತ್ತೆ 0. ಕಂಟ್ರೋಲ್ ಸಿ ಒತ್ತುವವರೆಗೂ ಮೆನು ಪರದೆ ತುಂಬ ಹರಿಯುತ್ತಲೇ ಇರುತ್ತದೆ. ಹಾಗಾಗಿ ನನ್ನ ಪಾಠ: ಸಾಲನ್ನು ಪೂರ್ತಿ ಓದಿ, ಆಮೇಲೆ ಸಂಖ್ಯೆ ಮಾಡಿ. 64 ಅಕ್ಷರ ಹಿಡಿಯುವ ಅರೇ ಇಟ್ಟು, ಸಾಲು ಓದುವ ಎಫ್‌ಗೆಟ್ಸ್‌ನಿಂದ ಓದಿಸಿ, ಪಠ್ಯವನ್ನು ಸಂಖ್ಯೆ ಮಾಡುವ ಎಸ್‌ಟಿಆರ್‌ಟಿಒಎಲ್‌ಗೆ ಬೇಸ್ 10, ಅಂದರೆ ದಶಮಾನ, ಕೊಟ್ಟು ಪರಿವರ್ತಿಸಿ. ಬೇಸ್ 0 ಕೊಟ್ಟರೆ ಮುಂದಿನ ಸೊನ್ನೆ ನೋಡಿ ಅಷ್ಟಮಾನ ಅಂದುಕೊಂಡು, 010 ಹೊಡೆದವರಿಗೆ 8 ಸಿಗುತ್ತದೆ! ಪರಿವರ್ತನೆ ಎಲ್ಲಿ ನಿಂತಿತೆಂದು ತೋರಿಸುವ ಎಂಡ್ ಪಾಯಿಂಟರ್ ಶುರುವಿನಲ್ಲೇ ನಿಂತಿದ್ದರೆ ಅಂಕಿಯೇ ಇರಲಿಲ್ಲ. ನ್ಯೂಲೈನ್ ಅಥವಾ ಪಠ್ಯದ ಕೊನೆ ಸೂಚಿಸುವ ನಲ್ ಅಕ್ಷರದ ಮೇಲೆ ನಿಂತಿಲ್ಲದಿದ್ದರೆ 12.5ರಂತೆ ಹಿಂದೆ ಏನೋ ಅಂಟಿಕೊಂಡಿದೆ. ಓದಿದ ಸಾಲಿನಲ್ಲಿ ನ್ಯೂಲೈನೇ ಇಲ್ಲವೆಂದರೆ ಸಾಮಾನ್ಯವಾಗಿ ಸಾಲು ಅರೇಗಿಂತ ಉದ್ದ, ಮಿಕ್ಕಿದ್ದು ಮುಂದಿನ ಓದಿಗೆ ಬಂದು ಬೀಳುತ್ತದೆ. ಪಠ್ಯವನ್ನು ಸಂಖ್ಯೆ ಮಾಡುವ ಇನ್ನೊಂದು ಫಂಕ್ಷನ್ ಎಟಿಒಐ ಸುಲಭ ಅನಿಸಬಹುದು, ಆದರೆ ‘ಎಬಿಸಿ’ಗೂ 0, ನಿಜವಾದ 0ಗೂ 0.

ಪೈಥಾನ್ ಭಾಷೆಯ ಇನ್‌ಪುಟ್ ಫಂಕ್ಷನ್ ನ್ಯೂಲೈನನ್ನು ತೆಗೆದೇ ಕೊಡುತ್ತದೆ, ಆದರೆ ಕೊಡುವುದು ಸ್ಟ್ರಿಂಗ್, ಅಂದರೆ ಸಂಖ್ಯೆಯಲ್ಲ, ಬರೀ ಅಕ್ಷರಗಳ ಸಾಲು. 5 ಮತ್ತು 7 ಕೂಡಿಸಿ 57 ಬಂದರೆ ತಪ್ಪು ಕಣ್ಣಿಗೆ ಬೀಳುತ್ತದೆ. ‘100’ ಅನ್ನು ‘99’ರ ಜೊತೆ ಹೋಲಿಸಿದಾಗ 100 ಚಿಕ್ಕದು ಎಂಬ ಉತ್ತರ ಎರರ್ ಇಲ್ಲದೇ ಬರುತ್ತದಲ್ಲ, ಅದನ್ನು ಹುಡುಕುವುದು ಕಷ್ಟ. ಎಲ್ಲ ಅಕ್ಷರವೂ ಅಂಕಿಯೇ ಎಂದು ನೋಡುವ ಇಸ್‌ಡಿಜಿಟ್‌ನಿಂದ ಪರೀಕ್ಷಿಸಿದರೆ -5 ಕೂಡ ತಿರಸ್ಕೃತ, ಎರರ್ ಬಂದರೂ ಪ್ರೋಗ್ರಾಂ ನಿಲ್ಲದಂತೆ ನೋಡುವ ಟ್ರೈ ಒಳಗೆ ಪೂರ್ಣಾಂಕ ಮಾಡುವ ಇಂಟ್ ಕರೆದು, ಅದಕ್ಕೆ ಆಗದಾಗ ಬರುವ ವ್ಯಾಲ್ಯೂಎರರ್ ಹಿಡಿಯುವುದೇ ಸರಿ. ಇಂಟ್ ಅಕ್ಕಪಕ್ಕದ ಸ್ಪೇಸ್ ಸಹಿಸುತ್ತದೆ, 12.5 ಮತ್ತು 1,000 ಸಹಿಸುವುದಿಲ್ಲ. ಕನ್ನಡ ಕೀಲಿಮಣೆಯಲ್ಲಿ ೨೫ ಎಂದು ಹೊಡೆದರೆ ಮಾತ್ರ ತಕರಾರಿಲ್ಲದೆ 25 ಕೊಡುತ್ತದೆ. ಸಿ ಭಾಷೆಯ ಎಸ್‌ಟಿಆರ್‌ಟಿಒಎಲ್ ಅದೇ ೨೫ಕ್ಕೆ ಮೊದಲ ಅಕ್ಷರದಲ್ಲೇ ನಿಂತುಬಿಡುತ್ತದೆ.