ಊರಿಗೊಂದು ತಟ್ಟೆ: ಸ್ಕಾಟ್ಲೆಂಡ್ ನಕ್ಷೆ ಎಲ್ಲಿಗೆ ಬಂತು

ಗೋಡೆಯ ಮೇಲಿನ ನಕ್ಷೆಯಲ್ಲಿ ಇವತ್ತಿಗೆ 16 ಹಸಿರು ಗುಂಡುಪಿನ್ನು, 8 ಕೆಂಪು. ಕೆಂಪು ಅಂದರೆ ಇನ್ನೂ ಹೋಗಬೇಕಾದ, ಇಲ್ಲವೇ ಕೇಳಿ ಮುಗಿಯದ ಊರು. ಹಸಿರು ಅಂದರೆ ಹೋಗಿ ಬಂದು ಮುಗಿದದ್ದು. ಊರಿಗೆ ಒಂದೇ ತಟ್ಟೆ, ಅಂದರೆ ಆ ಊರಿನ ತಂಡದ ಒಂದು ಹಾಡಿನ ಆಲ್ಬಂ. ಅದನ್ನು ಮೊದಲು ಆ ಊರಿನ ಬೀದಿಯಲ್ಲಿ ನಡೆಯುತ್ತಾ ಇಯರ್‌ಫೋನಿನಲ್ಲಿ ಕೇಳಬೇಕು. ಆಮೇಲೆ ಗ್ಲಾಸ್ಗೋ ಪಕ್ಕದ ಪೈಸ್ಲಿಯ ನಮ್ಮ ಮನೆಗೆ ಬಂದು ಎಲ್‌ಪಿ ಹಾಕಿ, ಬೇರೆ ಯಾವ ಕೆಲಸವನ್ನೂ ಕೈಗೆ ತಗೊಳ್ಳದೆ, ಎರಡೂ ಬದಿ ಕೇಳಬೇಕು. ಸ್ಕಾಟಿಷ್ ರಾಕ್ ಮತ್ತು ಪಾಪ್ ಕೇಳಲು ಹಿಡಿದು ಇಪ್ಪತ್ತು ವರ್ಷ ದಾಟಿತು. ಹೀಗೆ ಲೆಕ್ಕ ಇಟ್ಟು ಕೇಳುತ್ತಿರುವುದು ಮಾತ್ರ ಎರಡು ವರ್ಷದಿಂದ.

ಈ ಹುಚ್ಚು ಹತ್ತಿಸಿದವರಿಗೇ ನಕ್ಷೆಯಲ್ಲಿ ಜಾಗ ಸಿಗಲಿಲ್ಲ. ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಡೈರ್ ಸ್ಟ್ರೇಟ್ಸ್ ಕ್ಯಾಸೆಟ್ಟು ಸವೆಯುವವರೆಗೂ ಕೇಳಿದವನು ನಾನು. 2005ರಲ್ಲಿ ಆ ತಂಡ ಕಟ್ಟಿದ ಮಾರ್ಕ್ ನಾಪ್‌ಫ್ಲರ್ ಬೆಂಗಳೂರಿಗೆ ಬಂದಾಗ ರಾತ್ರಿ ಬಸ್ಸು ಹಿಡಿದು ಹೋಗಿ ನಿಂತು ಕೇಳಿದ್ದೆ. ಅವರು ಹುಟ್ಟಿದ್ದು ಗ್ಲಾಸ್ಗೋದಲ್ಲಿ ಎಂದು ಆಮೇಲೆ ಗೊತ್ತಾಯಿತು, ಅಲ್ಲಿಂದ ಈ ದೇಶದ ಹಾಡುಗಳ ಬೆನ್ನು ಹತ್ತಿದೆ. ಆದರೆ ಅವರು ಬೆಳೆದದ್ದು ಇಂಗ್ಲೆಂಡಿನಲ್ಲಿ, ತಂಡ ಕಟ್ಟಿದ್ದು ಲಂಡನ್ನಿನಲ್ಲಿ. ತಂಡ ಹುಟ್ಟಿದ ಊರಿಗೆ, ಇಲ್ಲವೇ ತಟ್ಟೆ ಹುಟ್ಟಿದ ಊರಿಗೆ ಮಾತ್ರ ಪಿನ್ನು ಎಂಬ ನಿಯಮ ಮಾಡಿಕೊಂಡಿದ್ದೇನೆ. ಎಸಿ/ಡಿಸಿಯ ಯಂಗ್ ಸಹೋದರರೂ ಗ್ಲಾಸ್ಗೋದ ಮಕ್ಕಳೇ, ತಂಡ ಸಿಡ್ನಿಯದು. ಅವರನ್ನೂ ಬಿಟ್ಟೆ.

ಮಾರ್ಚ್, ಡನ್‌ಫರ್ಮ್‌ಲಿನ್

ಬಿಗ್ ಕಂಟ್ರಿಯ ‘ದ ಕ್ರಾಸಿಂಗ್’, 1983. ಅಂಚೆಯಲ್ಲಿ ತರಿಸಿದ ತಟ್ಟೆ ಸೊಟ್ಟಗಾಗಿ ಬಂತು. ಸೂಜಿ ಅಲೆಯ ಮೇಲೆ ದೋಣಿ ಹೋದ ಹಾಗೆ ಏರಿ ಇಳಿಯುತ್ತಿತ್ತು. ಮಾರಿದವರು ಹಣ ವಾಪಸ್ ಕೊಡಲಿಲ್ಲ. ಎರಡು ದಪ್ಪ ಗಾಜಿನ ನಡುವೆ ಇಟ್ಟು, ಮೇಲೆ ಭಾರ ಹೇರಿ, ಮೂರು ವಾರ ಮುಟ್ಟದೆ ಬಿಟ್ಟೆ. ಪೂರ್ತಿ ಸರಿ ಹೋಗಿಲ್ಲ, ಆದರೆ ಸೂಜಿ ಈಗ ಹಾರುವುದಿಲ್ಲ. ಅಷ್ಟು ಸಾಕು.

ಸ್ಟುವರ್ಟ್ ಆಡಮ್‌ಸನ್ ಮತ್ತು ಬ್ರೂಸ್ ವಾಟ್ಸನ್ ಅವರ ಗಿಟಾರುಗಳು ಬ್ಯಾಗ್‌ಪೈಪ್ ಥರ ಕೇಳುತ್ತವೆ ಎಂದು ಎಲ್ಲರೂ ಹೇಳುತ್ತಾರೆ. ಅದು ಹೇಗೆ ಆಗುತ್ತದೆ ಎಂದು ತಿಳಿಯಲು ಒಂದು ಭಾನುವಾರ ಪೂರ್ತಿ ಕೂತಿದ್ದೆ. ಅವರ ಹತ್ತಿರ ಇದ್ದ ಒಂದು ಸಾಧನ ಇ-ಬೋ: ಮೀಟದೆಯೇ ಅಯಸ್ಕಾಂತದ ಬಲದಿಂದ ತಂತಿಯನ್ನು ನಡುಗಿಸುತ್ತಲೇ ಇರುತ್ತದೆ, ಹಾಗಾಗಿ ಸ್ವರ ಸಾಯುವುದಿಲ್ಲ. ಇನ್ನೊಂದು ಎಂಎಕ್ಸ್‌ಆರ್ ಕಂಪನಿಯ ಪಿಚ್ ಟ್ರಾನ್ಸ್‌ಪೋಸರ್: ನುಡಿಸಿದ ಸ್ವರಕ್ಕೆ ಬೇರೆ ಎತ್ತರದ ಇನ್ನೊಂದು ಸ್ವರವನ್ನು ಜೋಡಿಸುತ್ತದೆ. ಇವೆರಡರ ಜೊತೆ ಆ ರಾಗಗಳ ನಡೆ ಸೇರಿದರೆ, ಓಲಗದಲ್ಲಿ ಶ್ರುತಿ ಹಿಡಿದವನು ಉಸಿರು ಬಿಡದೆ ಊದುವಾಗ ಅದರ ಮೇಲೆ ಶಹನಾಯಿ ಓಡುತ್ತದಲ್ಲ, ಆ ಅನುಭವ. ಆಡಮ್‌ಸನ್ 2001ರಲ್ಲಿ ತೀರಿಕೊಂಡರು, ನಲವತ್ತಮೂರೇ ವರ್ಷ. ಡನ್‌ಫರ್ಮ್‌ಲಿನ್ ಅಬ್ಬೆ ಎಂಬ ಹಳೆಯ ಕ್ರೈಸ್ತ ಮಠದ ಮುಂದಿನ ಇಳಿಜಾರಿನಲ್ಲಿ ನಡೆಯುತ್ತಾ ಮೊದಲ ಬದಿಯನ್ನು ಎರಡು ಸಲ ಕೇಳಿದೆ.

ಏಪ್ರಿಲ್, ಗ್ಲಾಸ್ಗೋ

ಇಡೀ ಕೆಲಸದಲ್ಲಿ ಕಷ್ಟದ ಪಿನ್ನು ಇದೇ. ಸಿಂಪಲ್ ಮೈಂಡ್ಸ್, ಆರೆಂಜ್ ಜ್ಯೂಸ್, ಬೆಲ್ ಆಂಡ್ ಸೆಬಾಸ್ಟಿಯನ್, ಮೊಗ್ವಾಯ್, ಫ್ರಾನ್ಜ್ ಫರ್ಡಿನಂಡ್, ಎಲ್ಲ ಒಂದೇ ಊರಿನವರು. ಕೊನೆಗೆ ದ ಬ್ಲೂ ನೈಲ್‌ನ ‘ಎ ವಾಕ್ ಅಕ್ರಾಸ್ ದ ರೂಫ್‌ಟಾಪ್ಸ್’ ಆರಿಸಿದೆ. 1984ರಲ್ಲಿ ಅದನ್ನು ಹೊರತಂದದ್ದು ಲಿನ್, ಗ್ಲಾಸ್ಗೋದಲ್ಲೇ ಹುಟ್ಟಿದ, ತಟ್ಟೆ ತಿರುಗಿಸುವ ಯಂತ್ರ ತಯಾರಿಸುವ ಸಂಸ್ಥೆ. ಯಂತ್ರದವರೇ ತಟ್ಟೆ ಹೊರತಂದ ಮೇಲೆ ಧ್ವನಿ ಹೇಗಿರಬೇಡ! ನನ್ನದು ಲಿನ್ ಅಲ್ಲ, ಸಾಧಾರಣ ಹಳೆಯ ಟರ್ನ್‌ಟೇಬಲ್. ಅದರಲ್ಲೂ ಒಂದೊಂದು ವಾದ್ಯದ ಸುತ್ತ ಖಾಲಿ ಜಾಗ ಕೇಳಿಸುತ್ತದೆ. ಈ ತಂಡ ಇಪ್ಪತ್ತು ವರ್ಷದಲ್ಲಿ ಕೊಟ್ಟದ್ದು ನಾಲ್ಕೇ ಆಲ್ಬಂ. ಮಳೆ ನಿಂತ ರಾತ್ರಿ ಒದ್ದೆ ರಸ್ತೆಯ ಮೇಲೆ ದೀಪ ಬಿದ್ದಿರುವಾಗ ಪಾಲ್ ಬುಕಾನನ್ ದನಿ ಕೇಳಿದರೆ, ಈ ಊರನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹಾಡಿಲ್ಲ ಅನ್ನಿಸುತ್ತದೆ.

ಎಡಿನ್‌ಬರೋಗೆ ಬೇ ಸಿಟಿ ರೋಲರ್ಸ್ ಹಾಕಿ ಮುಗಿಸಿದೆ. ಅರ್ಧ ದಿನದ ಕೆಲಸ.

ಮೇ, ಗ್ರೇಂಜ್‌ಮೌತ್

ರೈಲು ಇಲ್ಲ, ಫಾಲ್ಕರ್ಕ್‌ನಿಂದ ಬಸ್ಸು. ತೈಲ ಕಾರ್ಖಾನೆಯ ಚಿಮಣಿಗಳು ದೂರದಿಂದಲೇ ಕಾಣುತ್ತವೆ. 2025ರ ಏಪ್ರಿಲ್‌ನಲ್ಲಿ ಅಲ್ಲಿ ಕಚ್ಚಾ ತೈಲ ಸಂಸ್ಕರಣೆ ನಿಂತಿತು. ಈ ಊರಿನಿಂದ ಕಾಕ್ಟೋ ಟ್ವಿನ್ಸ್ ಬಂದರು ಎಂಬುದನ್ನು ಇಲ್ಲಿ ನಿಂತವರು ನಂಬುವುದು ಕಷ್ಟ. ಎಲಿಜಬೆತ್ ಫ್ರೇಜರ್ ಹಾಡುವ ಪದಗಳು ಎಷ್ಟೋ ಕಡೆ ಯಾವ ಭಾಷೆಯವೂ ಅಲ್ಲ. ಆಲಾಪ ಕೇಳಿ ಬೆಳೆದ ನಮಗೆ ಅದು ಅಷ್ಟು ವಿಚಿತ್ರವಲ್ಲ. ‘ಹೆವನ್ ಆರ್ ಲಾಸ್ ವೇಗಸ್’, 1990. ಹಸಿರು.

ಜೂನ್, ಓಬನ್

ಕ್ಯಾಪರ್‌ಕೇಲಿ ಇಲ್ಲಿನ ಹೈಸ್ಕೂಲು ಮಕ್ಕಳು ಕಟ್ಟಿದ ತಂಡ. 1992ರಲ್ಲಿ ಅವರು ಸ್ಕಾಟ್ಲೆಂಡಿನ ಹಳೆಯ ಭಾಷೆ ಗೇಲಿಕ್‌ನಲ್ಲಿರುವ, ನಾನೂರು ವರ್ಷ ಹಳೆಯ ಒಂದು ಹಾಡನ್ನು ಡ್ರಮ್ಸ್, ಸಿಂಥಸೈಸರ್ ಜೊತೆ ಹಾಡಿದರು. ಬ್ರಿಟನ್ನಿನಲ್ಲಿ ಹೆಚ್ಚು ಮಾರಾಟವಾಗುವ ಮೊದಲ ನಲವತ್ತು ಹಾಡುಗಳ ಪಟ್ಟಿಗೆ ಹೋದ ಮೊದಲ ಗೇಲಿಕ್ ಹಾಡು ಅದು. ಹೆಂಗಸರು ಮೇಜಿನ ಸುತ್ತ ಕೂತು, ನೇಯ್ದ ಉಣ್ಣೆಬಟ್ಟೆಯನ್ನು ನೆನೆಸಿ ಬಡಿಯುವಾಗ ಹೇಳುತ್ತಿದ್ದ ಪದ. ಒಬ್ಬಳು ಎತ್ತಿಕೊಡುತ್ತಾಳೆ, ಉಳಿದವರು ಸೊಲ್ಲು ಹಿಡಿಯುತ್ತಾರೆ.

ಮನೆಗೆ ಬಂದು ಹಾಕಿದ ಹೊತ್ತಿಗೆ ಹಾವೇರಿಯಿಂದ ಅವ್ವನ ಫೋನು. ಹಿಂದೆ ಹಾಡು ನಡೆದೇ ಇತ್ತು.

“ತಮ್ಮಾ, ಅದೇನು ಹಚ್ಚೀಯೋ? ಜ್ವಾಳಾ ಬೀಸೂ ಪದಾ ಇದ್ದಂಗ ಕೇಳಸ್ತತಿ.”

ಅವ್ವನಿಗೆ ಗೇಲಿಕ್ ಎಂಬ ಭಾಷೆ ಇದೆ ಎಂಬುದೇ ಗೊತ್ತಿಲ್ಲ. ಬೀಸುಕಲ್ಲಿನ ಗೂಟ ಹಿಡಿದ ಕೈಗೆ ಆ ಲಯ ಗೊತ್ತು. ಫೋನನ್ನು ಸ್ಪೀಕರಿನ ಹತ್ತಿರ ಹಿಡಿದೆ. ಕ್ಯಾರನ್ ಮ್ಯಾಥಿಸನ್ ಹಾಡಿ ಮುಗಿಸುವವರೆಗೂ ಅವ್ವ ಮಾತಾಡಲಿಲ್ಲ. ಆಮೇಲೆ ತಾನೇ ಒಂದು ತ್ರಿಪದಿ ಹೇಳಿದಳು. ಅದನ್ನು ರೆಕಾರ್ಡ್ ಮಾಡಿ ಇಟ್ಟುಕೊಂಡಿದ್ದೇನೆ.

ಆಗಸ್ಟ್, ಲೀತ್ ಮತ್ತು ಪಕ್ಕದ ಮನೆ

ಲೀತ್‌ಗೆ ದ ಪ್ರೊಕ್ಲೇಮರ್ಸ್ ಅಲ್ಲದೆ ಇನ್ಯಾರು? ಅವಳಿ ಜವಳಿ ಕ್ರೇಗ್ ಮತ್ತು ಚಾರ್ಲಿ ರೀಡ್ ಹುಟ್ಟಿದ್ದು ಇಲ್ಲಿ, ಬೆಳೆದದ್ದು ಬಹುಪಾಲು ಫೈಫ್‌ನ ಆಕ್ಟರ್‌ಮಕ್ಟಿಯಲ್ಲಿ. ನಿಯಮ ಸ್ವಲ್ಪ ಸಡಿಲ ಮಾಡಿದ್ದೇನೆ, ಲೀತ್ ಹೆಸರನ್ನೇ ತಟ್ಟೆಗೆ ಇಟ್ಟವರಿಗೆ ಅಷ್ಟು ಸಲ್ಲಬೇಕು. ಊರಲ್ಲಿ ಕೇಳಿದ್ದು ‘ಸನ್‌ಷೈನ್ ಆನ್ ಲೀತ್’, 1988. 2016ರಲ್ಲಿ ಇಲ್ಲಿನ ಫುಟ್‌ಬಾಲ್ ತಂಡ ಹಿಬರ್ನಿಯನ್ 114 ವರ್ಷದ ನಂತರ ಸ್ಕಾಟಿಷ್ ಕಪ್ ಗೆದ್ದಾಗ ಸ್ಟೇಡಿಯಂನಲ್ಲಿ ಅದರ ಅಭಿಮಾನಿಗಳೆಲ್ಲ ಹಾಡಿದ್ದು ಇದರ ಶೀರ್ಷಿಕೆ ಗೀತೆಯನ್ನೇ.

ಆದರೆ ಮನೆಗೆ ಬಂದ ಮೇಲೆ ಹಾಕಿದ್ದು ಅವರ 1987ರ ‘ಲೆಟರ್ ಫ್ರಮ್ ಅಮೆರಿಕಾ’. ಆಲ್ಬಮ್ಮಿನಲ್ಲಿ ಅದು ಎರಡು ಕಂಠ, ಒಂದು ಗಿಟಾರು, ಅಷ್ಟೇ. ಬ್ರಿಟನ್ನಿನ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೆ ಏರಿದ ಸಿಂಗಲ್‌ನಲ್ಲಿ ಪೂರ್ತಿ ವಾದ್ಯವೃಂದವಿದೆ. ಅದರ ನಿರ್ಮಾಪಕರಲ್ಲೊಬ್ಬರು ಜೆರ್ರಿ ರಾಫರ್ಟಿ, ನಮ್ಮ ಪೈಸ್ಲಿಯವರು, ನನ್ನ ಮೊದಲ ಹಸಿರು ಪಿನ್ನಿನ ಧಣಿ. ಎರಡನ್ನೂ ಒಂದರ ಹಿಂದೊಂದು ಕೇಳೋಣವೆಂದು ಪಕ್ಕದ ಮನೆಯ ಹಿರಿಯರನ್ನು ಕರೆದಿದ್ದೆ. ಅವರು ಲಿನ್‌ವುಡ್ ಕಾರು ಕಾರ್ಖಾನೆಯಲ್ಲಿ ಬಾಗಿಲು ಜೋಡಿಸುತ್ತಿದ್ದವರು. ಹಿಲ್ಮನ್ ಇಂಪ್ ಕಾರು ತಯಾರಾಗುತ್ತಿದ್ದ ಜಾಗ, 1981ರಲ್ಲಿ ಮುಚ್ಚಿತು.

ಆ ಹಾಡಿನ ಕೊನೆಯಲ್ಲಿ ಮುಚ್ಚಿಹೋದ ಕಾರ್ಖಾನೆಗಳ ಊರುಗಳ ಹೆಸರು ಒಂದೊಂದಾಗಿ ಬರುತ್ತವೆ. ಕುರಿಗಳಿಗಾಗಿ ರೈತರನ್ನು ಒಕ್ಕಲೆಬ್ಬಿಸಿದ ಹೈಲ್ಯಾಂಡ್ಸ್‌ನ ಪ್ರದೇಶಗಳ ಹೆಸರೂ ಅದೇ ಧಾಟಿಯಲ್ಲಿ ಬರುತ್ತವೆ. ಲಿನ್‌ವುಡ್ ಬಂದ ಕಡೆ ಅವರು ಕೈ ಎತ್ತಿದರು. ಸೂಜಿ ಎತ್ತಿ ಹಿಂದಕ್ಕಿಟ್ಟೆ. ಮತ್ತೆ ಕೈ ಎತ್ತಿದರು. ಹೀಗೆ ಮೂರು ಸಲ. ಆಮೇಲೆ ಹೇಳಿದರು: ಟೀವಿಯಲ್ಲಿ ಈ ಹುಡುಗರನ್ನು ಮೊದಲು ನೋಡಿದಾಗ ಅಡುಗೆಮನೆಯಿಂದ ಹೆಂಡತಿಯನ್ನು ಕೂಗಿ ಕರೆದಿದ್ದರಂತೆ. ಚಹಾ ಬಿಡುವಿನಲ್ಲಿ ತಾವು ಆಡುತ್ತಿದ್ದ ಮಾತಿನ ಧಾಟಿಯಲ್ಲೇ ಯಾರೋ ಹಾಡುತ್ತಿದ್ದಾರೆ, ಬಂದು ನೋಡು ಎಂದು. ಅಲ್ಲಿಯವರೆಗೆ ಹಾಡು ಎಂದರೆ ಅಮೆರಿಕದವರ ಹಾಗೆ ನಾಲಿಗೆ ಹೊರಳಿಸುವುದು ಎಂದೇ ಅವರು ತಿಳಿದಿದ್ದರಂತೆ. ನಾನು ಧಾರವಾಡಕ್ಕಿಂತ ಆಚೆ ಮೊದಲ ಸಲ ಹೋದಾಗ ನನ್ನ ಕನ್ನಡವನ್ನು ಅಡಗಿಸಿ ಮಾತಾಡಿದ್ದು ಅವರಿಗೆ ಹೇಳಿದೆ. ಈ ನಕ್ಷೆಯನ್ನು ಯಾಕೆ ಶುರು ಮಾಡಿದೆನೋ, ಆ ಸಂಜೆ ನನಗೇ ಸ್ಪಷ್ಟವಾಯಿತು.

ಅಕ್ಟೋಬರ್, ಹೆಲ್ಮ್ಸ್‌ಡೇಲ್

ಆರೆಂಜ್ ಜ್ಯೂಸ್‌ನ ಎಡ್ವಿನ್ ಕಾಲಿನ್ಸ್‌ಗೆ 2005ರಲ್ಲಿ ಮಿದುಳಿನಲ್ಲಿ ರಕ್ತಸ್ರಾವವಾಗಿ ಮಾತೇ ಹೋಯಿತು. ಬಲಗೈ ಸ್ವಾಧೀನ ತಪ್ಪಿತು. ಎಡಗೈಯಲ್ಲಿ ಹಕ್ಕಿಗಳ ಚಿತ್ರ ಬರೆಯುತ್ತಾ, ಒಂದೊಂದೇ ಪದ ಕಲಿಯುತ್ತಾ ಮತ್ತೆ ಹಾಡಿಗೆ ಬಂದರು. ಉತ್ತರದ ಈ ಮೀನುಗಾರರ ಊರಿನಲ್ಲಿ ಸ್ಟುಡಿಯೋ ಕಟ್ಟಿದರು. ಅಲ್ಲಿ ಹುಟ್ಟಿದ 2019ರ ಆಲ್ಬಮ್ಮಿಗೆ ‘ಬ್ಯಾಡ್‌ಬೇ’ ಎಂದು ಹೆಸರಿಟ್ಟರು. ಹೆಲ್ಮ್ಸ್‌ಡೇಲ್‌ನಿಂದ ಉತ್ತರಕ್ಕೆ, ಕಡಲ ಕಡಿದಾದ ಅಂಚಿನಲ್ಲಿ ಇರುವ ಹಾಳೂರಿನ ಹೆಸರದು. ಕುರಿಗಳಿಗೆ ಜಾಗ ಬಿಟ್ಟುಕೊಟ್ಟವರು ಬಂದು ನೆಲೆಸಿದ್ದ ಊರು.

ಹೆದ್ದಾರಿಯಿಂದ ಇಳಿದು ನಡೆದೆ. ಮೊಣಕಾಲೆತ್ತರದ ಕಲ್ಲುಗೋಡೆಗಳು, ನಡುವೆ ಜರೀಗಿಡ, ಒಂದು ಸ್ಮಾರಕ. ಇಲ್ಲಿಂದ ನ್ಯೂಜಿಲೆಂಡಿಗೆ ಹೋದವರ ಮಗ 1911ರಲ್ಲಿ ಕಟ್ಟಿಸಿದ್ದು. ಗಾಳಿ ಎಷ್ಟಿತ್ತೆಂದರೆ ಇಯರ್‌ಫೋನಿನಲ್ಲಿ ಮೂರನೇ ಹಾಡಿನ ನಂತರ ಏನೂ ಕೇಳಲಿಲ್ಲ. ತೆಗೆದು ಜೇಬಿಗೆ ಹಾಕಿಕೊಂಡು, ಸ್ಮಾರಕದ ಮೇಲಿನ ಹೆಸರುಗಳನ್ನು ಗಟ್ಟಿಯಾಗಿ ಓದಿದೆ.

ಹಾಗಾಗಿ ಹೆಲ್ಮ್ಸ್‌ಡೇಲ್ ಪಿನ್ನು ಇನ್ನೂ ಕೆಂಪೇ. ಮನೆಯಲ್ಲಿ ಪೂರ್ತಿ ಕೇಳಬೇಕು. ಪಕ್ಕದ ಮನೆಯವರು ಶನಿವಾರ ಸಂಜೆ ಬರುತ್ತೇನೆ ಎಂದಿದ್ದಾರೆ. ಸೂಜಿ ಸವೆದಿದೆ, ಬದಿಯ ಕೊನೆಯ ಹಾಡಿಗೆ ಬರುವಷ್ಟರಲ್ಲಿ ‘ಸ’ಕಾರ ಸೀಳುತ್ತಿದೆ. ಅಷ್ಟರೊಳಗೆ ಹೊಸದು ತಂದು ಹಾಕಬೇಕು.