ಎಳ್ಳಮಾವಾಸ್ಯೆಗೆ ಒಂದು ದಿನ ಮೊದಲು

ಗದಗ, 7 ಡಿಸೆಂಬರ್ 2025, ಭಾನುವಾರ ರಾತ್ರಿ

ಬೆಳಿಗ್ಗೆ ಎಂಟಕ್ಕೇ ಮೈದುನ ಹೊಂಬಳದಿಂದ ಬಂದ. ಕೈಯಲ್ಲಿ ಒಂದು ಚೀಲ ಕಡ್ಲಿ ಪಲ್ಲೆ, ಅದರ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ. ಚಹಾ ಕುಡಿದ. ಅತ್ತೆಯನ್ನು ಮಾತಾಡಿಸಿದ. ಆಮೇಲೆ ನನ್ನ ಕಡೆ ತಿರುಗಿದ.

"ವೈನಿ, ಈ ಸಲ ಪಾಲಿಸಿ ತುಂಬಬ್ಯಾಡ್ರಿ. ಆ ರೊಕ್ಕ ನಮ್ಮ ನಮ್ಮೊಳಗ ಇರಲಿ."

ಅವನು ಹೇಳಿದ್ದು ನಮ್ಮ ಆರೋಗ್ಯ ವಿಮೆಯ ಮಾತು. ಅವನ ಯೋಚನೆ ಹೀಗಿದೆ. ನಮ್ಮ ಅಣ್ಣತಮ್ಮಂದಿರ ಮನೆ ಒಟ್ಟು ಐದು. ಒಂದೊಂದು ಮನೆಯಿಂದ ತಿಂಗಳಿಗೆ 3,000 ರೂಪಾಯಿ ಹಾಕುವುದು. ಭಿಶಿ, ಅಂದರೆ ಚೀಟಿ, ಇದ್ದ ಹಾಗೆ, ಆದರೆ ಸರದಿ ಪ್ರಕಾರ ಎತ್ತುವಂತಿಲ್ಲ. ಯಾರ ಮನೆಗೆ ದವಾಖಾನೆ ಖರ್ಚು ಬರುತ್ತದೋ ಅವರಿಗೆ ಕೊಡುವುದು. ಯಾರಿಗೂ ಏನೂ ಆಗದಿದ್ದರೆ ದುಡ್ಡು ಹಾಗೇ ಬೆಳೆಯುತ್ತದೆ. ಎಳ್ಳಮಾವಾಸ್ಯೆಗೆ ಎಲ್ಲರೂ ಹೊಲದಲ್ಲಿ ಕೂಡುತ್ತೇವಲ್ಲ, ಚರಗ ಚೆಲ್ಲಿ ಊಟ ಆದಮೇಲೆ ಪಕ್ಕಾ ಮಾಡೋಣ ಅಂದ.

ಎಳ್ಳಮಾವಾಸ್ಯೆ 19ಕ್ಕೆ. ನಮ್ಮ ಪಾಲಿಸಿ ಮುಗಿಯುವುದು 18ಕ್ಕೆ.

ನನಗೆ ತಕ್ಷಣ ಬೇಡ ಅನ್ನಲು ಬಾಯಿ ಬರಲಿಲ್ಲ. ನಮ್ಮ ಪ್ರಿಂಟಿಂಗ್ ಪ್ರೆಸ್ಸಿನ ಕಟಿಂಗ್ ಮಷಿನ್ ಬಂದಿದ್ದೇ ಭಿಶಿ ಎತ್ತಿದ ದುಡ್ಡಿನಿಂದ. ನನ್ನ ನಾದಿನಿಯ ಮದುವೆಗೆ ಕೈ ಹಿಡಿದಿದ್ದೂ ಭಿಶಿಯೇ. ಬ್ಯಾಂಕಿನವರು ಕಾಗದ ಕೇಳುತ್ತಾ ಕೂತಾಗ ನಮ್ಮನ್ನು ದಾಟಿಸಿದ್ದು ಹತ್ತು ಮನೆಯ ಹೆಂಗಸರ ನಂಬಿಕೆ. ಮೈದುನ ಇನ್ನೊಂದು ಮಾತೂ ಹೇಳಿದ: "1905ರಾಗ ಇಲ್ಲೇ ಕಣಗಿನಹಾಳದಾಗ ಸಿದ್ದನಗೌಡ್ರು ಸಹಕಾರಿ ಸೊಸೈಟಿ ಕಟ್ಟಿದಾಗ ಯಾವ ಕಂಪನಿ ಇತ್ರಿ? ನಮ್ಮ ಮಂದಿಗೆ ನಾವ ಆಗಬೇಕು." ಆ ಮಾತು ದಿನವಿಡೀ ತಲೆಯಲ್ಲಿ ಉಳಿಯಿತು.

ಜುಲೈನಲ್ಲಿ ಆಗಿದ್ದನ್ನು ಅವನು ಮರೆತಿಲ್ಲ. ನಾವೂ ಮರೆತಿಲ್ಲ. ಇವರಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು, ಹುಬ್ಬಳ್ಳಿಯ ಒಂದು ಖಾಸಗಿ ದವಾಖಾನೆಯಲ್ಲಿ. ಬಿಲ್ಲು 1,18,000. ಕಂಪನಿ ಕೊಟ್ಟಿದ್ದು 81,000. ಉಳಿದ 37,000 ಕೈಯಿಂದ ಹೋಯಿತು. ಡಿಸ್ಚಾರ್ಜ್ ಕಾಗದ ಬೆಳಿಗ್ಗೆ ಹತ್ತಕ್ಕೆ ತಯಾರಾಗಿತ್ತು. ಕಂಪನಿಯೇ ದವಾಖಾನೆಗೆ ನೇರ ದುಡ್ಡು ಕಟ್ಟುವ ಕ್ಯಾಶ್‌ಲೆಸ್ ಒಪ್ಪಿಗೆ ಬಂದಾಗ ಸಂಜೆ ಏಳು. ಕೊನೆಯ ಒಪ್ಪಿಗೆ ಮೂರು ತಾಸಿನೊಳಗೆ ಕೊಡಬೇಕು ಅಂತ 2024ರಿಂದ ನಿಯಮ ಇದೆ. ಹೊಟ್ಟೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತವರಿಗೆ ಆ ನಿಯಮ ಅವತ್ತು ಏನೂ ಮಾಡಲಿಲ್ಲ. ಮೈದುನ ತನ್ನ ಟಾಟಾ ಏಸ್ ತಂದು ಇಡೀ ದಿನ ಹೊರಗೆ ಕಾದ. ಅವತ್ತಿನ ಸಿಟ್ಟು ಇವತ್ತಿನ ಮಾತಿನಲ್ಲಿ ಇತ್ತು, ನನಗೆ ಗೊತ್ತು.

ಮಧ್ಯಾಹ್ನ ಆ ಬಿಲ್ಲನ್ನು ಮತ್ತೆ ತೆಗೆದು ಕೂತೆ. ಆಗ ಸುಮ್ನೆ ಬೈದು ಇಟ್ಟಿದ್ದೆ, ಸಾಲು ಸಾಲಾಗಿ ನೋಡಿರಲಿಲ್ಲ. ನಮ್ಮದು 5 ಲಕ್ಷದ ಪಾಲಿಸಿ, ಕೋಣೆ ಬಾಡಿಗೆಗೆ ದಿನಕ್ಕೆ 1% ಮಿತಿ. ಅಂದರೆ 5,000. ಅವತ್ತು ಬೇರೆ ಕೋಣೆ ಖಾಲಿ ಇಲ್ಲ ಅಂದರು, 8,000ದ ಕೋಣೆ ತಗೊಂಡೆವು. ಮೂರು ದಿನಕ್ಕೆ 9,000 ಜಾಸ್ತಿ ಕೊಟ್ಟರೆ ಮುಗಿಯಿತು ಅಂತ ನಾನು ಅಂದುಕೊಂಡಿದ್ದೆ. ಆದರೆ ಕೋಣೆ ದೊಡ್ಡದಾದರೆ ಡಾಕ್ಟರ್ ಫೀ, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲದರಲ್ಲೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತಾರೆ. ಎಂಟಕ್ಕೆ ಐದು. 48,000 ಇದ್ದದ್ದು 30,000 ಆಯಿತು. ಔಷಧಿ ಮತ್ತು ಟೆಸ್ಟುಗಳಿಗೆ ಆ ಕತ್ತರಿ ಇಲ್ಲ, ಅದು ಪೂರ್ತಿ ಸಿಕ್ಕಿದೆ. ಕೈಗವಸು, ಹತ್ತಿ, ನೋಂದಣಿ ಅಂತ ಹೋದ 10,000 ಲೆಕ್ಕಕ್ಕೇ ಇಲ್ಲ. ಒಂದು ಕೋಣೆಯ ದೆಸೆಯಿಂದ 27,000 ಹೋಗಿದೆ. ಕಾಗದದಲ್ಲಿ ಇದು ಬರೆದಿತ್ತು. ಪಾಲಿಸಿ ಮಾಡಿಸುವಾಗ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಇದನ್ನು ಓದುವವರು ದಯವಿಟ್ಟು ನಿಮ್ಮ ಪಾಲಿಸಿಯಲ್ಲಿ ಆ ಒಂದು ಸಾಲು ಹುಡುಕಿ ನೋಡಿ, ಇವತ್ತೇ.

ಹಾಗಾದರೆ ಬಿಟ್ಟುಬಿಡೋಣವಾ?

ಈ ವರ್ಷದ ಕಂತು ನಮ್ಮ ನಾಲ್ಕು ಜನಕ್ಕೆ 19,800. ಅತ್ತೆಗೆ 66 ವರ್ಷ, ಅವರದ್ದು ಬೇರೆ ಪಾಲಿಸಿ, 27,400. ಒಟ್ಟು 47,200. ಹೋದ ವರ್ಷ 42,500 ಇತ್ತು, ಅದರ ಮೇಲೆ 18% ಜಿಎಸ್‌ಟಿ ಸೇರಿ 50,150 ಕಟ್ಟಿದ್ದೆ. ಸೆಪ್ಟೆಂಬರ್ 22ರಿಂದ ಮನೆಮಂದಿಯ ಆರೋಗ್ಯ ವಿಮೆಗೆ ಜಿಎಸ್‌ಟಿ ತೆಗೆದಿದ್ದಾರೆ. ಹಾಗಾಗಿ ಕಂತು ಏರಿದ್ದರೂ ಕೈಯಿಂದ ಹೋಗುವುದು 2,950 ಕಡಿಮೆ. ಅರವತ್ತು ದಾಟಿದವರ ಕಂತನ್ನು ವರ್ಷಕ್ಕೆ 10%ಗಿಂತ ಜಾಸ್ತಿ ಏರಿಸಬೇಕಾದರೆ ಕಂಪನಿ ಮೊದಲು ವಿಮಾ ಪ್ರಾಧಿಕಾರವನ್ನು ಕೇಳಬೇಕು, ಇದೂ ಈ ವರ್ಷ ಜನವರಿಯಿಂದ. ಆದರೂ 47,200 ಅಂದರೆ ನಮ್ಮಂಥ ಮನೆಗೆ ಸಣ್ಣ ಮಾತಲ್ಲ. ಎಷ್ಟು ಸಾವಿರ ಲಗ್ನಪತ್ರಿಕೆ ಒತ್ತಬೇಕು ಅಂತ ನನಗೆ ಗೊತ್ತು.

ಮೈದುನನ ಭಿಶಿಗೆ ವರ್ಷಕ್ಕೆ ನಮ್ಮ ಪಾಲು 36,000. ಐದು ಮನೆ ಸೇರಿ 1,80,000. ಮೊದಲ ಆರು ತಿಂಗಳಲ್ಲಿ ಏನಾದರೂ ಆದರೆ ಪೆಟ್ಟಿಗೆಯಲ್ಲಿ ಇರುವುದು 90,000. ಇವರ ಪಿತ್ತಕೋಶದ ಬಿಲ್ಲೂ ಅದರಲ್ಲಿ ತೀರುವುದಿಲ್ಲ.

ಇದು ಬರೀ ಮೊತ್ತದ ಮಾತು. ಎರಡು ಮೂರು ವರ್ಷ ತಾಳಿದರೆ ಬೆಳೆಯುತ್ತದೆ ಅನ್ನಬಹುದು. ನನ್ನನ್ನು ನಿಲ್ಲಿಸಿದ್ದು ಬೇರೆ. ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಐದು ಮನೆಯವರ ಹೆಸರು ಬರೆದು ನೋಡಿದೆ. ನಲವತ್ತು ದಾಟಿದವರು ಒಂಬತ್ತು ಜನ. ಅದರಲ್ಲಿ ಐದು ಜನಕ್ಕೆ ಸಕ್ಕರೆ. ಮಾವ ಹೋಗಿದ್ದು ಸಕ್ಕರೆ ಕಿಡ್ನಿಗೆ ಇಳಿದು. ದೊಡ್ಡ ಭಾವನಿಗೆ ನಲವತ್ತೈದಕ್ಕೆ ಶುರುವಾಯಿತು, ಇವರಿಗೆ ನಲವತ್ತಮೂರಕ್ಕೆ. ಭಿಶಿ ನಡೆಯುವುದು ಒಬ್ಬರಿಗೆ ಬೇಕಾದಾಗ ಇನ್ನೊಬ್ಬರಿಗೆ ಬೇಡವಾಗಿದ್ದರೆ. ಹತ್ತು ಬೇರೆ ಬೇರೆ ಮನೆಯ ಹೆಂಗಸರ ಭಿಶಿ ನಡೆದಿದ್ದು ಹಾಗೆ. ನಮ್ಮ ಐದು ಮನೆಯಲ್ಲಿ ಹರಿಯುವುದು ಒಂದೇ ರಕ್ತ. ಒಂದೇ ರೋಗ, ಹೆಚ್ಚುಕಡಿಮೆ ಒಂದೇ ವಯಸ್ಸಿನಲ್ಲಿ. ಪೆಟ್ಟಿಗೆಯ ಮೇಲೆ ಎಲ್ಲರ ಕೈ ಒಟ್ಟಿಗೇ ಬೀಳುತ್ತದೆ.

ಇದನ್ನು ನಾವು ಒಮ್ಮೆ ಕಂಡಿದ್ದೇವೆ. 2021ರ ಮೇ. ಹದಿನೈದೇ ದಿನದಲ್ಲಿ ಮೂರು ಮನೆಗೆ ಕೊರೊನಾ ಬಂತು. ಕಾಕಾ ಹನ್ನೊಂದು ದಿನ ದವಾಖಾನೆಯಲ್ಲಿದ್ದರು. ಲಾಕ್‌ಡೌನಿನಲ್ಲಿ ಮದುವೆಗಳು ನಿಂತಿದ್ದವು, ಪ್ರೆಸ್ಸಿಗೆ ಕೆಲಸ ಇರಲಿಲ್ಲ. ಮೈದುನನ ಗಾಡಿ ಮನೆ ಮುಂದೆ ನಿಂತಿತ್ತು. ಒಬ್ಬರಿಗೊಬ್ಬರು ಆಗಬೇಕು ಅಂತ ಮನಸ್ಸು ಎಲ್ಲರಿಗೂ ಇತ್ತು. ಕೈಯಲ್ಲಿ ಯಾರಿಗೂ ಇರಲಿಲ್ಲ. ನನ್ನ ಕೈಯ ಬಂಗಾರದ ಪಾಟ್ಲಿ ಒತ್ತೆ ಹೋಗಿದ್ದು ಆವಾಗಲೇ. ಆ ವರ್ಷ ಡಿಸೆಂಬರ್‌ನಲ್ಲಿ ಈ ಪಾಲಿಸಿ ಮಾಡಿಸಿದ್ದು ಅದಕ್ಕೇ. ನಾಲ್ಕು ವರ್ಷದಲ್ಲಿ ಆ ಕಾರಣವನ್ನೇ ನಾನು ಮರೆಯುತ್ತಾ ಬಂದಿದ್ದೆ.

ಇನ್ನೊಂದು ಇದೆ. ಪಾಲಿಸಿ ಬಿಟ್ಟರೆ ಹೋಗುವುದು ದುಡ್ಡಷ್ಟೇ ಅಲ್ಲ, ದಾಟಿ ಬಂದ ವರ್ಷಗಳೂ ಹೋಗುತ್ತವೆ. ಅತ್ತೆಯ ಸಕ್ಕರೆ, ಬಿಪಿ ಎರಡನ್ನೂ ಮೊದಲ ದಿನವೇ ಬರೆಸಿದ್ದೆವು. ಮೊದಲೇ ಇದ್ದ ಕಾಯಿಲೆಗೆ ಕ್ಲೇಮ್ ಸಿಗಲು ಕಾಯುವ ಅವಧಿ ಈಗ ಹೆಚ್ಚೆಂದರೆ ಮೂರು ವರ್ಷ. ಅವರು ಅದನ್ನು ದಾಟಿ ಆಗಿದೆ. ಎಡೆಬಿಡದೆ ಐದು ವರ್ಷ ತುಂಬಿದರೆ, ಮೋಸ ಮಾಡಿದ್ದು ಸಾಬೀತಾಗದ ಹೊರತು "ಆಗ ಇದನ್ನು ಹೇಳಿರಲಿಲ್ಲ" ಅಂತ ಕ್ಲೇಮ್ ತಳ್ಳುವಂತಿಲ್ಲ. ಆ ಐದನೇ ವರ್ಷವೇ ಈಗ ಶುರುವಾಗುವುದು. ಇಲ್ಲಿ ಬಿಟ್ಟು ಮುಂದಿನ ವರ್ಷ ಮತ್ತೆ ಬೇಕು ಅಂದರೆ, 67 ವರ್ಷದ ಸಕ್ಕರೆ ಇರುವ ಹೆಂಗಸಿಗೆ ಮೊದಲಿನಿಂದ ಎಣಿಕೆ. ಕಂಪನಿ ಬೇಡ ಅಂದರೂ ಅನ್ನಬಹುದು.

ಕಂತು ತಡವಾದರೆ ಮೂವತ್ತು ದಿನ ಸಮಯ ಇದೆ ಅಂತ ಇವರು ಅಂದರು. ಇದೆ. ಆದರೆ ವರ್ಷದ ಕಂತು ಒಮ್ಮೆಲೇ ಕಟ್ಟುವ ನಮ್ಮಂಥವರಿಗೆ ಆ ಮೂವತ್ತು ದಿನದಲ್ಲಿ ಏನಾದರೂ ಆದರೆ ರಕ್ಷಣೆ ಇಲ್ಲ, ಹಳೇ ವರ್ಷಗಳ ಲೆಕ್ಕವಷ್ಟೇ ಉಳಿಯುತ್ತದೆ. 19ರ ರಾತ್ರಿ ಹೊಲದಿಂದ ಬರುವಾಗ ಗಾಡಿ ಉರುಳಿದರೆ?

ಬೇರೆ ಕಂಪನಿಗೆ ಹೋಗೋಣ ಅನ್ನುವುದು ಇವರ ಆಸೆ. ಆ ಆಸೆ ನನಗೂ ಇದೆ. ಕಂಪನಿ ಬದಲಿಸಿದರೂ ದಾಟಿದ ವರ್ಷಗಳು ನಮ್ಮ ಜೊತೆ ಬರುತ್ತವೆ. ಆದರೆ ಹೊಸಬರು ಎಲ್ಲರ ಆರೋಗ್ಯದ ವಿವರ ಕೇಳುತ್ತಾರೆ, ನೋಡುತ್ತಾರೆ, ಆಗುವುದಿಲ್ಲ ಅಂತಲೂ ಹೇಳಬಹುದು. ಹನ್ನೊಂದು ದಿನದಲ್ಲಿ ಆಗುವ ಕೆಲಸ ಅಲ್ಲ ಇದು. ಮುಂದಿನ ಅಕ್ಟೋಬರ್ ಹಾಳೆಯಲ್ಲಿ ಗುರುತು ಹಾಕಿದ್ದೇನೆ: ಕೋಣೆ ಮಿತಿ ಇಲ್ಲದ್ದು ಹುಡುಕಬೇಕು.

ಸರ್ಕಾರದ್ದು ನಂಬಿ ಕೂರಬಹುದಾ ಅಂತಲೂ ಯೋಚಿಸಿದೆ. ನಮ್ಮಲ್ಲಿ ಬೈಂಡಿಂಗ್ ಮಾಡುವವರಿಗೆ ಬಿಪಿಎಲ್ ಕಾರ್ಡ್ ಇದೆ. ಹೋದ ವರ್ಷ ಅವರ ಹೆಂಡತಿಗೆ ಹುಬ್ಬಳ್ಳಿ ಕಿಮ್ಸ್‌ನಲ್ಲಿ ಆಪರೇಷನ್ ಆಯಿತು, ಒಂದು ರೂಪಾಯಿ ಕೇಳಲಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಅವರು ಖಾಸಗಿ ಕಂತು ಕಟ್ಟುವ ಗೋಜಿಗೆ ಹೋಗದೇ ಇರುವುದೇ ಸರಿ. ನಮ್ಮದು ಎಪಿಎಲ್. ನಮಗೆ ಸರ್ಕಾರ ಗೊತ್ತುಮಾಡಿದ ದರದ 30% ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷ ಮೀರುವಂತಿಲ್ಲ. ಉಳಿದ 70%ಗೆ ಮತ್ತೆ ಪಾಟ್ಲಿ.

ಹೀಗೆ ನಮ್ಮ ಮನೆಯದು ಸಂಜೆಗೆ ತೀರ್ಮಾನ ಆಯಿತು. ಕಟ್ಟುತ್ತೇವೆ. ಆದರೆ ನನಗೆ ಸಮಾಧಾನ ಆಗಲಿಲ್ಲ. ಮೈದುನ ಭಿಶಿ ಕೇಳಿದ್ದು ನಮಗಾಗಿ ಅಲ್ಲ ಅಂತ ಅಷ್ಟು ಹೊತ್ತಿಗೆ ಹೊಳೆಯಿತು. ಅವನಿಗೆ 39, ಎರಡು ಮಕ್ಕಳು, ಅವನದೂ ಎಪಿಎಲ್ ಕಾರ್ಡ್, ಗಾಡಿಯ ಸಾಲ ಇನ್ನೂ ಇದೆ. ಐದು ಮನೆಯಲ್ಲಿ ಯಾವ ಆಸರೆಯೂ ಇಲ್ಲದ ಮನೆ ಅವನದೊಂದೇ. "ನಮಗೂ ಏನರ ಬೇಕ್ರಿ" ಅಂತ ಅವನ ಬಾಯಲ್ಲಿ ಬರಲಿಲ್ಲ. ನಾವು ಬೇಡ ಅಂದರೆ ಅವನು ಒಬ್ಬನೇ ಉಳಿಯುತ್ತಾನೆ.

ಆಗ ಕಣಗಿನಹಾಳದ ಮಾತು ಮತ್ತೆ ನೆನಪಾಯಿತು. ಅದು ಸಿದ್ದನಗೌಡರ ಅಣ್ಣತಮ್ಮಂದಿರ ಗುಂಪಾಗಿರಲಿಲ್ಲ ಅಲ್ವಾ. ಊರವರು ಸೇರಿದ್ದ ಸಂಘ. ಇವತ್ತು ಅಂಥ ಸಂಘಗಳ ಮೂಲಕವೇ ಸರ್ಕಾರದ ಯಶಸ್ವಿನಿ ಆರೋಗ್ಯ ಯೋಜನೆ ನಡೆಯುತ್ತದೆ. 2018ರಲ್ಲಿ ನಿಂತಿತ್ತು, 2022ರಲ್ಲಿ ಮತ್ತೆ ಜಾರಿಗೆ ತಂದರು. ಹಳ್ಳಿಯ ಸಹಕಾರ ಸಂಘದ ಸದಸ್ಯರಾದರೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದವರೆಗೆ ಚಿಕಿತ್ಸೆ. ಪಟ್ಟಿಯಲ್ಲಿರುವ ಚಿಕಿತ್ಸೆಗಷ್ಟೇ, ಒಪ್ಪಂದ ಇರುವ ಆಸ್ಪತ್ರೆಯಲ್ಲಷ್ಟೇ. ಆದರೂ ಐದು ಮನೆಯ ಪೆಟ್ಟಿಗೆ ಯಾವತ್ತೂ ಹೊರಲಾರದ ಭಾರ ಅದು.

ಏಳೂವರೆಗೆ ಫೋನ್ ಮಾಡಿದೆ. "ಹೊಂಬಳ ಸೊಸೈಟ್ಯಾಗ ನಿನ್ನ ಹೆಸರು ಐತಲ್ಲ?" ಅಂತ ಕೇಳಿದೆ.

"ಐತ್ರಿ ವೈನಿ. ಬೆಳೆಸಾಲಕ್ಕ ಅಂತ ಅಪ್ಪ ಇದ್ದಾಗ ಹಚ್ಚಿದ್ದು."

ಯಶಸ್ವಿನಿ ಬಗ್ಗೆ ಹೇಳಿದೆ. ಅವನಿಗೆ ಗೊತ್ತೇ ಇರಲಿಲ್ಲ. ಅದು ನಿಂತೇ ಹೋಗಿದೆ ಅಂತ ಅಂದುಕೊಂಡಿದ್ದನಂತೆ. ಕೈ ಸ್ವಲ್ಪ ಸಡಿಲಾದ ಮೇಲೆ ಆರೋಗ್ಯ ಸಂಜೀವಿನಿ ಅನ್ನುವ ಪಾಲಿಸಿಯನ್ನೂ ನೋಡು ಅಂದೆ. ಯಾವ ಕಂಪನಿಯಲ್ಲಿ ಮಾಡಿಸಿದರೂ ಅದರ ಷರತ್ತು ಒಂದೇ. ಕ್ಲೇಮಿನಲ್ಲಿ 5% ನಾವು ಹಾಕಬೇಕು, ಕೋಣೆಗೆ ವಿಮಾ ಮೊತ್ತದ 2%, ಹೆಚ್ಚೆಂದರೆ ದಿನಕ್ಕೆ 5,000. ಸಕ್ಕರೆ ಬರುವ ಮೊದಲೇ ಮಾಡಿಸಬೇಕು ಅಂತ ಎರಡು ಸಲ ಹೇಳಿದೆ. ಅವನು ಸುಮ್ಮನೆ ಕೇಳಿಸಿಕೊಂಡ. ನಮ್ಮ ಮನೆಯಲ್ಲಿ ಯಾರಿಗೂ ಆ ಮಾತು ಬಿಡಿಸಿ ಹೇಳಬೇಕಾಗಿಲ್ಲ.

"ಹಂಗಾರ ಭಿಶಿ ಬ್ಯಾಡ ಅಂತೀರಿ?"

"ಬ್ಯಾಡ ಅನ್ನಾಕತ್ತಿಲ್ಲ. 3,000 ಬ್ಯಾಡ. 500 ಹಾಕೂಣು. ಕಂಪನಿ ಕೊಡದ ಖರ್ಚಿಗೆ. ಕೋಣಿ ಬಾಡಿಗಿ, ಹೋಗಿಬರೂದು, ಸಂಗಾಟ ಇದ್ದವರ ಊಟ."

ಜುಲೈನಲ್ಲಿ ಆ 37,000ದಲ್ಲಿ ಹದಿನೈದು ಸಾವಿರ ಕೊಟ್ಟಿದ್ದು ಅವನೇ, ಕೇಳುವ ಮೊದಲೇ, ಡೀಸೆಲ್ಲಿಗೆ ಇಟ್ಟ ದುಡ್ಡು. ಅದನ್ನು ನೆನಪಿಸಿದೆ. ಅವನು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಮಂಗಳವಾರ ಸೆಕ್ರೆಟರಿ ಸಿಗ್ತಾರ, ಕೇಳ್ತೀನ್ರಿ" ಅಂದ.

ಹತ್ತು ಗಂಟೆಗೆ ಅತ್ತೆಯ 27,400 ಕಟ್ಟಿದೆ. ನಮ್ಮದನ್ನು ಗುರುವಾರ ಕ್ಯಾಲೆಂಡರ್ ಒತ್ತಿಕೊಟ್ಟಿದ್ದರ ಬಾಕಿ ಬಂದ ಕೂಡಲೇ ಕಟ್ಟಬೇಕು, ಬರದಿದ್ದರೆ ಕೈಗಡ ತಂದಾದರೂ 18ರ ಒಳಗೆ. ಭಿಶಿಗೆ ಉಳಿದ ಮೂರು ಮನೆಯವರು ಏನನ್ನುತ್ತಾರೋ, ಹೊಲದಲ್ಲಿ ಕೇಳಬೇಕು. ಕ್ಯಾಲೆಂಡರ್ ಕತ್ತರಿಸಿ ಉಳಿದ ಹಾಳೆಗಳು ಪ್ರೆಸ್ಸಿನಲ್ಲಿ ಬಿದ್ದಿವೆ. ನಾಳೆ ಅವುಗಳಲ್ಲೇ ಐದು ಮನೆಯ ಹೆಸರಿನ ಒಂದು ಲೆಕ್ಕದ ಪುಸ್ತಕ ಹೊಲಿಸಿ ಇಡುತ್ತೇನೆ.